ಉಪಮಾನವೂ ಅನುಮಾನವೂ: ನ್ಯಾನೋ ವಿಜ್ಞಾನದ ಪಾಠಕ್ರಮದ ವಿಮರ್ಶೆ

೧

ಕಣ್ಣಿಗೆ ಕಾಣದ ವಸ್ತುವನ್ನು ಮಾತಿನಿಂದ ತಿಳಿಯಪಡಿಸುವುದು ಕಾವ್ಯಕ್ಕೂ ಶಾಸ್ತ್ರಕ್ಕೂ ಸಮಾನವಾದ ಕಷ್ಟ. ಕವಿಯು ಈ ಕಷ್ಟವನ್ನು ಅಲಂಕಾರದಿಂದ ದಾಟುತ್ತಾನೆ; ಶಾಸ್ತ್ರಕಾರನು ಪ್ರಮಾಣದಿಂದ ದಾಟಬೇಕು. ಇವೆರಡರ ಮೇರೆಯನ್ನು ಮರೆತು ಶಾಸ್ತ್ರವನ್ನು ಅಲಂಕಾರದಿಂದಲೇ ಬೋಧಿಸತೊಡಗಿದರೆ ವಿದ್ಯಾರ್ಥಿಗೆ ಬೆರಗು ಉಂಟಾದೀತಲ್ಲದೆ ಜ್ಞಾನವುಂಟಾಗದು. ನ್ಯಾನೋ ತಂತ್ರವಿಜ್ಞಾನವನ್ನು ತರಗತಿಯಲ್ಲಿ ಕೈಕೆಲಸದ ಮೂಲಕ ಕಲಿಸುವ ಪದ್ಧತಿಯು ಈಚಿನ ದಶಕಗಳಲ್ಲಿ ಹಲವು ದೇಶಗಳಲ್ಲಿ ರೂಢಿಗೆ ಬಂದಿರುವುದರಿಂದ, ಆ ಪಾಠಗಳಲ್ಲಿ ಯಾವುದು ಅಲಂಕಾರ, ಯಾವುದು ಪ್ರಮಾಣ ಎಂಬುದನ್ನು ವಿಂಗಡಿಸಿ ನೋಡುವುದು ಅವಶ್ಯವಾಗಿದೆ. ಇದು ವಿಜ್ಞಾನದ ಉಪಾಧ್ಯಾಯರಿಗೆ ಮಾತ್ರ ಸೇರಿದ ವಿಷಯವಲ್ಲ. ಮಾತಿನ ಶಕ್ತಿಯನ್ನೂ ಅದರ ಮಿತಿಯನ್ನೂ ತೂಗಿ ನೋಡುವ ಸಾಹಿತ್ಯವಿಮರ್ಶೆಗೂ ಸೇರಿದುದು.

'ನ್ಯಾನೋ' ಎಂಬ ಹೆಸರೇ ಮೂಲದಲ್ಲಿ ಒಂದು ರೂಪಕ. ಗ್ರೀಕ್ ಭಾಷೆಯಲ್ಲಿ ಕುಳ್ಳನನ್ನು ಸೂಚಿಸುವ ಮಾತಿನಿಂದ ಹುಟ್ಟಿದ ಈ ಪದವು ೧೯೬೦ರಲ್ಲಿ ಅಂತರರಾಷ್ಟ್ರೀಯ ಮಾನಪದ್ಧತಿಯೊಳಗೆ ಸೇರಿ, ನೂರು ಕೋಟಿಯಲ್ಲಿ ಒಂದು ಪಾಲು ಎಂಬ ನಿಯತಾರ್ಥವನ್ನು ಪಡೆಯಿತು. ೧೯೭೪ರಲ್ಲಿ ಜಪಾನಿನ ನೊರಿಯೊ ತನಿಗುಚಿಯವರು 'ನ್ಯಾನೋಟೆಕ್ನಾಲಜಿ' ಎಂಬ ಪದವನ್ನು ಬಳಕೆಗೆ ತಂದರು. ಕನ್ನಡದಲ್ಲಿ ಇದನ್ನು 'ಅತಿಸೂಕ್ಷ್ಮ' ಎಂದರೆ ಕಿವಿಗೆ ಇಂಪಾಗಿರುವುದೇನೋ ನಿಜ. ಆದರೆ ಸೂಕ್ಷ್ಮದರ್ಶಕದ 'ಸೂಕ್ಷ್ಮ'ವು ಮೀಟರಿನ ಹತ್ತು ಲಕ್ಷದ ಒಂದು ಪಾಲಿಗೆ ಒಪ್ಪುವ ಮಾತಾದುದರಿಂದ, ಅಲ್ಲಿಂದಾಚೆಗಿನ ಸಾವಿರಪಟ್ಟು ಭೇದವೆಲ್ಲವೂ 'ಅತಿ' ಎಂಬ ಒಂದು ಉಪಸರ್ಗದಲ್ಲಿ ಅಡಗಿಹೋಗುತ್ತದೆ. ಸಂಖ್ಯೆಯನ್ನು ಹೇಳಬೇಕಾದೆಡೆಯಲ್ಲಿ ವಿಶೇಷಣವು ಕೆಲಸಕ್ಕೆ ಬಾರದು. ಆದಕಾರಣ ಪರಭಾಷಾಪದವನ್ನೇ ಇಟ್ಟುಕೊಂಡಿರುವುದು ಯುಕ್ತವೆನ್ನಬೇಕು.

೨

ಈ ಪಾಠಗಳು ಸಾಮಾನ್ಯವಾಗಿ ಉಪಮಾನದಿಂದ ಆರಂಭವಾಗುವುವು. ಮನುಷ್ಯನ ತಲೆಗೂದಲು ಸುಮಾರು ೮೦,೦೦೦ದಿಂದ ೧,೦೦,೦೦೦ ನ್ಯಾನೋಮೀಟರು ದಪ್ಪ. ಕೈಯುಗುರು ಸೆಕೆಂಡಿಗೆ ಸುಮಾರು ಒಂದು ನ್ಯಾನೋಮೀಟರು ಬೆಳೆಯುತ್ತದೆ. ಒಂದು ಮೀಟರನ್ನು ಭೂಮಿಯ ವ್ಯಾಸದಷ್ಟು ಹಿಗ್ಗಿಸಿದರೆ ನ್ಯಾನೋಮೀಟರು ಒಂದು ಗೋಲಿಯಷ್ಟಾದೀತು. ಇವು ಲೆಕ್ಕಕ್ಕೆ ಸರಿಯಾದ ಮಾತುಗಳೇ. ಆದರೆ ಇವುಗಳಿಂದ ವಿದ್ಯಾರ್ಥಿಯು ತಿಳಿದುದೇನು ಎಂದು ಕೇಳಿದರೆ ಉತ್ತರವು ಸುಲಭವಲ್ಲ.

ನೈಯಾಯಿಕರು ಉಪಮಾನವನ್ನು ಒಂದು ಪ್ರತ್ಯೇಕ ಪ್ರಮಾಣವೆಂದು ಅಂಗೀಕರಿಸಿರುವುದು ಪ್ರಸಿದ್ಧವಾಗಿದೆ. ಗವಯವೆಂಬ ಮೃಗವನ್ನು ಕಾಣದವನಿಗೆ ಅರಣ್ಯವನ್ನು ಬಲ್ಲವನು 'ಅದು ಹಸುವಿನಂತಿರುವುದು' ಎಂದು ಹೇಳುತ್ತಾನೆ. ಕೇಳಿದವನು ಕಾಡಿಗೆ ಹೋಗಿ, ಹಸುವಿನಂತಿರುವ ಮೃಗವನ್ನು ಕಣ್ಣಾರೆ ಕಂಡು, ಹಿಂದೆ ಕೇಳಿದ ಮಾತನ್ನು ಸ್ಮರಿಸಿ, 'ಇದೇ ಗವಯ' ಎಂದು ತಿಳಿಯುತ್ತಾನೆ. ಈ ದೃಷ್ಟಾಂತದಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ಸಾದೃಶ್ಯವಾಕ್ಯವನ್ನು ಕೇಳಿದ ಮಾತ್ರಕ್ಕೆ ಜ್ಞಾನವು ಸಿದ್ಧಿಸುವುದಿಲ್ಲ. ಕಾಡಿಗೆ ಹೋಗಬೇಕು, ಮೃಗವು ಎದುರಿಗೆ ಬರಬೇಕು. ನ್ಯಾನೋ ಪಾಠದ ವಿದ್ಯಾರ್ಥಿಯು ಕೂದಲಿನ ಮಾತನ್ನು ಕೇಳಿ, ಗೋಲಿಯ ಮಾತನ್ನು ಕೇಳಿ, ಊರಿನಲ್ಲಿಯೇ ಉಳಿಯುತ್ತಾನೆ. ಗವಯವು ಅವನಿಗೆ ಎಂದೂ ಎದುರಾಗುವುದಿಲ್ಲ.

ಉಪಮಾನವನ್ನು ಹೀಗೆ ನಡುವೆ ಬಿಡದೆ ಕೊನೆಯವರೆಗೆ ಒಯ್ದ ಒಂದು ನಿದರ್ಶನವೂ ಉಂಟು. ರಿಚರ್ಡ್ ಫೈನ್‌ಮನ್ನರು ೧೯೫೯ರ ಡಿಸೆಂಬರ್ ೨೯ರಂದು ಪಸಡೀನಾದಲ್ಲಿ ಮಾಡಿದ ಉಪನ್ಯಾಸದಲ್ಲಿ, ಬ್ರಿಟಾನಿಕ ವಿಶ್ವಕೋಶದ ೨೪ ಸಂಪುಟಗಳನ್ನೂ ಒಂದು ಗುಂಡುಸೂಜಿಯ ತಲೆಯ ಮೇಲೆ ಬರೆಯಬಹುದೆಂದರು. ಇದು ಕೇಳುವುದಕ್ಕೆ ಅತಿಶಯೋಕ್ತಿ. ಆದರೆ ಅಕ್ಷರವನ್ನು ೨೫,೦೦೦ ಪಟ್ಟು ಕಿರಿದು ಮಾಡಬೇಕೆಂಬ ಗಣಿತವನ್ನು ಒಡನೆಯೇ ಮುಂದಿಟ್ಟು, ಪುಸ್ತಕದ ಒಂದು ಪುಟವನ್ನು ಆ ಪ್ರಮಾಣದಲ್ಲಿ ಬರೆದವರಿಗೆ ೧,೦೦೦ ಡಾಲರು ಬಹುಮಾನವನ್ನೂ ಅವರು ಸಾರಿದುದರಿಂದ, ಅಲಂಕಾರವು ಪ್ರತಿಜ್ಞೆಯಾಗಿ ಮಾರ್ಪಟ್ಟಿತು. ೧೯೮೫ರಲ್ಲಿ ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿ ಟಾಮ್ ನ್ಯೂಮನ್ನರು ಡಿಕನ್ಸನ ಕಾದಂಬರಿಯೊಂದರ ಮೊದಲ ಪುಟವನ್ನು ಹಾಗೆ ಬರೆದು ಬಹುಮಾನವನ್ನು ಪಡೆದರು. ಉಪಮಾನವು ಕಾರ್ಯಕ್ಕೆ ಪ್ರೇರಿಸಿದಾಗ ಮಾತ್ರ ಶಾಸ್ತ್ರಕ್ಕೆ ಸಲ್ಲುತ್ತದೆಂಬುದಕ್ಕೆ ಇದು ಸಾಕ್ಷಿ.

೩

ಕೈಕೆಲಸದ ಪಾಠಗಳು ಈ ಕೊರತೆಯನ್ನು ತುಂಬಲೆಂದೇ ಹುಟ್ಟಿದವು. ಆದರೆ ಕೈ ಅಲುಗಿದೊಡನೆ ಪ್ರಮಾಣವು ದೊರೆತಂತಾಗುವುದಿಲ್ಲ. ಬಹಳ ಪ್ರಚಾರದಲ್ಲಿರುವ ಒಂದು ಪಾಠದಲ್ಲಿ ೨೮ ಸೆಂಟಿಮೀಟರು ಉದ್ದದ ಕಾಗದದ ಪಟ್ಟಿಯನ್ನು ಅರ್ಧಕ್ಕೆ ಕತ್ತರಿಸಿ, ಉಳಿದುದನ್ನು ಮತ್ತೆ ಅರ್ಧಕ್ಕೆ ಕತ್ತರಿಸುತ್ತ ಹೋಗುವರು. ೨೮ನೆಯ ಸಲಕ್ಕೆ ತುಂಡಿನ ಉದ್ದವು ಒಂದು ನ್ಯಾನೋಮೀಟರಿಗೆ ಇಳಿಯಬೇಕು. ಒಂಬತ್ತನೆಯ ಸಲಕ್ಕೆ ಅದು ಅರ್ಧ ಮಿಲಿಮೀಟರಿನ ಸಮೀಪಕ್ಕೆ ಬಂದು ಕತ್ತರಿಯು ಸೋಲುತ್ತದೆ. ಮಿಕ್ಕ ೧೯ ಸಲವನ್ನು ಉಪಾಧ್ಯಾಯನು ಬಾಯಿಯಿಂದ ಕತ್ತರಿಸುತ್ತಾನೆ. ಕೈಯ ಸೋಲನ್ನು ಕೈಯಿಂದಲೇ ಕಾಣಿಸುವುದು ಈ ಪಾಠದ ಗುಣ. ಸೋತ ಕೈಗೆ ಮುಂದಿನ ದಾರಿಯನ್ನು ತೋರಿಸದಿರುವುದು ಅದರ ದೋಷ.

ಘನವನ್ನು ಕತ್ತರಿಸುವ ಪಾಠವು ಇದಕ್ಕಿಂತ ಮೇಲು. ಒಂದು ಸೆಂಟಿಮೀಟರು ಅಂಚುಳ್ಳ ಘನದ ಹೊರಮೈ ೬ ಚದರ ಸೆಂಟಿಮೀಟರು. ಅದನ್ನು ಎಂಟು ಸಮಭಾಗ ಮಾಡಿದರೆ ಒಟ್ಟು ಹೊರಮೈ ಎರಡರಷ್ಟಾಗುವುದು. ನ್ಯಾನೋಮೀಟರು ಅಂಚಿನ ಘನಗಳಾಗಿ ಒಡೆದರೆ ೬,೦೦೦ ಚದರ ಮೀಟರು, ಎಂದರೆ ಸುಮಾರು ಒಂದೂವರೆ ಎಕರೆ ಆಗುವುದು. ಇಡಿಯ ಕಲ್ಲುಸಕ್ಕರೆಗಿಂತ ಪುಡಿಮಾಡಿದ ಕಲ್ಲುಸಕ್ಕರೆಯು ಬೇಗ ಕರಗುವುದನ್ನು ವಿದ್ಯಾರ್ಥಿಯು ನಾಲಗೆಯಿಂದಲೇ ಬಲ್ಲನು. ಗಾತ್ರವು ಕುಗ್ಗಿದಂತೆ ವಸ್ತುವಿನ ವರ್ತನೆಯೂ ಬದಲಾಗುವುದೆಂಬ ಮುಖ್ಯತತ್ತ್ವದ ಒಂದು ಭಾಗವು ಇಲ್ಲಿ ಅನುಭವಕ್ಕೆ ಬರುತ್ತದೆ. ಆದರೂ ನ್ಯಾನೋಮೀಟರೆಂಬ ಅಳತೆಯು ಇಲ್ಲಿಯೂ ಕೇಳಿದ ಮಾತೇ ಹೊರತು ಅಳೆದುದಲ್ಲ.

೪

ಅಳೆಯುವ ದಾರಿಯು ಇಲ್ಲದಿಲ್ಲ. ಅದು ಬಹು ಹಳೆಯದು. ಬೆಂಜಮಿನ್ ಫ್ರಾಂಕ್ಲಿನ್ನನು ೧೭೭೩ರ ನವೆಂಬರಿನಲ್ಲಿ ವಿಲಿಯಂ ಬ್ರೌನ್‌ರಿಗನಿಗೆ ಬರೆದು, ೧೭೭೪ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದ ಪತ್ರವು ಶಾಸ್ತ್ರಗದ್ಯದ ಉತ್ತಮ ಮಾದರಿಗಳಲ್ಲಿ ಒಂದು. ಲಂಡನ್ನಿನ ಬಳಿಯ ಕ್ಲ್ಯಾಪಂ ಬಯಲಿನ ಕೊಳದ ಮೇಲೆ ಅವನು ಎಣ್ಣೆಯನ್ನು ಹೊಯ್ದನು. ಮೊದಲು ಅಲೆಗಳು ದೊಡ್ಡವಾಗಿದ್ದ ದಡದಲ್ಲಿ ಹೊಯ್ದುದರಿಂದ ಗಾಳಿಯು ಎಣ್ಣೆಯನ್ನು ದಡಕ್ಕೇ ಹಿಂದಟ್ಟಿತು. ಬಳಿಕ ಗಾಳಿ ಬೀಸಿಬರುವ ಕಡೆಗೆ ಹೋಗಿ ಹೊಯ್ದಾಗ, ಒಂದು ಟೀ ಚಮಚಕ್ಕೆ ಮೀರದ ಎಣ್ಣೆಯು ಸುಮಾರು ಅರ್ಧ ಎಕರೆ ನೀರನ್ನು ಕನ್ನಡಿಯಂತೆ ಮಾಡಿತು. ತನ್ನ ಮೊದಲ ಸೋಲನ್ನು ಮರೆಮಾಡದೆ ಬರೆದಿರುವುದು ಈ ಪತ್ರದ ಹಿರಿಮೆ.

ಆದರೆ ಫ್ರಾಂಕ್ಲಿನ್ನನು ಎರಡು ಅಳತೆಗಳನ್ನೂ ಕೊಟ್ಟು ಭಾಗಾಕಾರವನ್ನು ಮಾತ್ರ ಮಾಡಲಿಲ್ಲ. ಐದು ಘನ ಸೆಂಟಿಮೀಟರು ಎಣ್ಣೆಯನ್ನು ಎರಡು ಸಾವಿರ ಚದರ ಮೀಟರಿಗೆ ಹಂಚಿದರೆ ಬರುವ ದಪ್ಪವು ಎರಡೂವರೆ ನ್ಯಾನೋಮೀಟರು. ನೂರಕ್ಕೂ ಮಿಕ್ಕ ವರ್ಷಗಳ ಅನಂತರ, ೧೮೯೦ರಲ್ಲಿ, ಲಾರ್ಡ್ ರೇಲಿಯವರು ಕರ್ಪೂರದ ಚೂರುಗಳ ಚಲನೆಯನ್ನು ನಿಲ್ಲಿಸಲು ಬೇಕಾದ ಎಣ್ಣೆಯನ್ನು ತೂಗಿ, ಪೊರೆಯ ದಪ್ಪವು ಸುಮಾರು ೧.೬ ನ್ಯಾನೋಮೀಟರೆಂದು ಕಂಡರು.

ಮರುವರ್ಷ ಅವರಿಗೆ ಜರ್ಮನಿಯ ಬ್ರೌನ್‌ಷ್ವೈಗ್ ಪಟ್ಟಣದಿಂದ ಒಂದು ಪತ್ರವು ಬಂದಿತು. ಬರೆದವರು ಆಗ್ನೆಸ್ ಪಾಕೆಲ್ಸ್ (೧೮೬೨–೧೯೩೫). ಆ ಕಾಲದಲ್ಲಿ ಹೆಂಗಸರಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದುದರಿಂದ ಅವರು ಮನೆಯಲ್ಲಿಯೇ ಉಳಿದು ಸಂಸಾರದ ಕೆಲಸವನ್ನು ನೋಡಿಕೊಳ್ಳುತ್ತಿದ್ದರು. ಅವರ ಉಪಕರಣವೆಂದರೆ ೭೦ ಸೆಂಟಿಮೀಟರು ಉದ್ದ, ೫ ಸೆಂಟಿಮೀಟರು ಅಗಲದ ಒಂದು ತಗಡಿನ ತೊಟ್ಟಿ, ಅದರ ಮೇಲೆ ಅಡ್ಡಲಾಗಿ ಸರಿಯುವ ಒಂದು ತಗಡಿನ ಪಟ್ಟಿ, ನೀರಿನ ಮೈಯ ಬಿಗಿತವನ್ನು ತೂಗಲು ಒಂದು ಚಿಕ್ಕ ಬಿಲ್ಲೆ ಮತ್ತು ತಕ್ಕಡಿ. ಪಟ್ಟಿಯನ್ನು ಸರಿಸಿ ನೀರಿನ ಮೈಯನ್ನು ಕಿರಿದುಗೊಳಿಸುತ್ತ ಬಂದರೆ, ಒಂದು ನಿಯತವಾದ ಎಡೆಯವರೆಗೆ ಬಿಗಿತವು ಬದಲಾಗದೆ ಇದ್ದು ಅಲ್ಲಿಂದ ಮುಂದೆ ಇಳಿಯತೊಡಗುವುದೆಂಬುದು ಅವರ ಶೋಧನೆ. ರೇಲಿಯವರು ಆ ಪತ್ರವನ್ನು ಪ್ರಶಂಸೆಯ ಮಾತುಗಳೊಡನೆ 'ನೇಚರ್' ಪತ್ರಿಕೆಗೆ ಕಳುಹಿಸಿ, ಅದು ೧೮೯೧ರ ಮಾರ್ಚ್ ೧೨ರ ಸಂಚಿಕೆಯಲ್ಲಿ ಪ್ರಕಟವಾಗುವಂತೆ ಮಾಡಿದರು. ಈ ಬರಹದಲ್ಲಿ ಒಂದು ಉಪಮೆಯೂ ಬೇಕಾಗಲಿಲ್ಲ. ಮಾಡಿದುದನ್ನು ಕ್ರಮವಾಗಿ ಹೇಳಿದುದೇ ಅದರ ಅಲಂಕಾರ.

೫

ಈ ಪ್ರಯೋಗದ ಒಂದು ರೂಪವು ಕರ್ಣಾಟಕದ ವಿದ್ಯಾರ್ಥಿಗಳಿಗೂ ತಲುಪಿದೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನ ಮತ್ತು ತರಬೇತು ಮಂಡಲಿಯು ೨೦೦೬ರಲ್ಲಿ ಪ್ರಕಟಿಸಿದ ೧೧ನೆಯ ತರಗತಿಯ ಭೌತಶಾಸ್ತ್ರದಲ್ಲಿ ಓಲಿಯಿಕ್ ಆಮ್ಲದ ಅಣುವನ್ನು ಅಳೆಯುವ ವಿಧಾನವಿತ್ತು. ಒಂದು ಘನ ಸೆಂಟಿಮೀಟರು ಆಮ್ಲವನ್ನು ಆಲ್ಕೊಹಾಲಿನಲ್ಲಿ ೨೦ಕ್ಕೆ ತೆಳುಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ೨೦ಕ್ಕೆ ತೆಳುಮಾಡಿದರೆ ನಾನೂರರಲ್ಲಿ ಒಂದು ಪಾಲಾಗುತ್ತದೆ. ಅಗಲವಾದ ತಟ್ಟೆಯ ನೀರಿನ ಮೇಲೆ ನಯವಾದ ಪುಡಿಯನ್ನು ಉದುರಿಸಿ ಹನಿಯನ್ನು ಬಿಟ್ಟರೆ, ಪುಡಿಯು ಹಿಂದೆ ಸರಿದು ವೃತ್ತವೊಂದು ತೆರೆದುಕೊಳ್ಳುತ್ತದೆ. ಮಿಲಿಲೀಟರಿಗೆ ೨೦ ಹನಿಯಾದರೆ ಒಂದು ಹನಿಯಲ್ಲಿರುವ ಆಮ್ಲವು ೦.೦೦೦೧೨೫ ಘನ ಸೆಂಟಿಮೀಟರು. ವೃತ್ತದ ವ್ಯಾಸವು ೨೮ ಸೆಂಟಿಮೀಟರಾದರೆ ಪೊರೆಯ ದಪ್ಪವು ಸುಮಾರು ೨ ನ್ಯಾನೋಮೀಟರು. ಅಡಿಕೋಲೊಂದರಿಂದ ನ್ಯಾನೋಮೀಟರನ್ನು ಅಳೆದಂತಾಯಿತು. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವಂತೆ, ಅಗಲವನ್ನು ಕಂಡು ದಪ್ಪವನ್ನು ತಿಳಿಯುವ ಇದು ಶುದ್ಧವಾದ ಅನುಮಾನ.

ಆದರೆ ಆ ಗ್ರಂಥದ ನಿರೂಪಣೆಯಲ್ಲಿ ಎರಡು ಕುಂದುಗಳನ್ನು ಹೇಳದೆ ವಿಧಿಯಿಲ್ಲ. ಮೊದಲನೆಯದು, ದಪ್ಪವು ಯಾವ ಪ್ರಮಾಣದಲ್ಲಿ ಬರುವುದೆಂಬ ಉತ್ತರವನ್ನು ಪ್ರಯೋಗದ ವಿವರಣೆಯಲ್ಲಿಯೇ ಹೇಳಿಬಿಟ್ಟಿರುವುದು. ಹೀಗಾದಾಗ ವಿದ್ಯಾರ್ಥಿಯು ಅಳೆಯುವುದಿಲ್ಲ, ಒಪ್ಪಿಸುತ್ತಾನೆ. ಅನುಮಾನವು ಮತ್ತೆ ಶಬ್ದಪ್ರಮಾಣಕ್ಕೆ ಇಳಿಯುತ್ತದೆ. ಎರಡನೆಯದು ಇನ್ನೂ ಗಹನವಾದುದು. ಅನುಮಾನಕ್ಕೆ ವ್ಯಾಪ್ತಿಯೇ ಆಧಾರ. ಇಲ್ಲಿಯ ವ್ಯಾಪ್ತಿ ಎಂದರೆ, ಹರಡಿ ನಿಂತ ಪೊರೆಯು ಒಂದೇ ಅಣುವಿನಷ್ಟು ದಪ್ಪವೆಂಬ ನಿಯಮ. ಇದನ್ನು ಗ್ರಂಥವು ಊಹೆಯೆಂದು ಒಪ್ಪಿಕೊಳ್ಳುತ್ತದೆ; ಪರೀಕ್ಷಿಸುವ ಉಪಾಯವನ್ನು ಹೇಳುವುದಿಲ್ಲ. ಉಪಾಯವು ಕಷ್ಟದ್ದಲ್ಲ. ದ್ರಾವಣವನ್ನು ಇನ್ನೂ ಅರ್ಧಕ್ಕೆ ತೆಳುಮಾಡಿ ಅಷ್ಟೇ ಗಾತ್ರದ ಹನಿಯನ್ನು ಬಿಟ್ಟರೆ ವೃತ್ತದ ವ್ಯಾಸವು ೨೦ ಸೆಂಟಿಮೀಟರಿನ ಸಮೀಪಕ್ಕೆ ಬರಬೇಕು. ಬಂದರೆ, ದಪ್ಪವು ಎಣ್ಣೆಯ ಮೊತ್ತವನ್ನು ಅವಲಂಬಿಸಿಲ್ಲ, ಎಣ್ಣೆಯ ಸ್ವಭಾವವನ್ನು ಅವಲಂಬಿಸಿದೆ ಎಂದು ತಿಳಿಯುವುದು. ಇಷ್ಟರಿಂದ ಪೊರೆಯು ಒಂದೇ ಅಣುವಿನದೆಂದು ಸಿದ್ಧವಾಗುವುದಿಲ್ಲ. ಆದರೆ ಆ ನಿಯಮವನ್ನು ನಂಬಲು ಸಕಾರಣವೊಂದು ದೊರೆಯುತ್ತದೆ. ವ್ಯಾಸವನ್ನು ಓದುವುದರಲ್ಲಿ ಒಂದು ಸೆಂಟಿಮೀಟರು ತಪ್ಪಿದರೆ ಫಲದಲ್ಲಿ ನೂರಕ್ಕೆ ಏಳರಷ್ಟು ವ್ಯತ್ಯಾಸವಾಗುವುದೆಂಬುದನ್ನೂ ವಿದ್ಯಾರ್ಥಿಯೇ ಕಂಡುಕೊಳ್ಳಬಹುದು.

೬

ಎಣ್ಣೆಯ ಪೊರೆಯು ತಂತ್ರವಿಜ್ಞಾನವೆನಿಸೀತೇ ಎಂಬ ಆಕ್ಷೇಪವು ಇಲ್ಲಿ ಬರಬಹುದು. ಪಾಕೆಲ್ಸರ ತೊಟ್ಟಿಯನ್ನು ಪರಿಷ್ಕರಿಸಿ ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರರು ೧೯೧೭ರಲ್ಲಿ ಏಕಾಣುಪೊರೆಯ ಸಿದ್ಧಾಂತವನ್ನು ಸ್ಥಾಪಿಸಿದರು. ಅವರ ಸಹೋದ್ಯೋಗಿ ಕ್ಯಾಥರಿನ್ ಬ್ಲಾಜೆಟ್ಟರು ಅಂಥ ಪೊರೆಗಳನ್ನು ಗಾಜಿನ ಮೇಲೆ ಒಂದರ ಮೇಲೊಂದರಂತೆ ೪೪ ಪದರ ಏರಿಸಿ, ೧೯೩೮ರಲ್ಲಿ ಪ್ರತಿಫಲಿಸದ ಗಾಜನ್ನು ಸಾಧಿಸಿದರು. ಅಣುವಿನ ದಪ್ಪವನ್ನು ಎಣಿಸಿ ಎಣಿಸಿ ವಸ್ತುವನ್ನು ಕಟ್ಟುವ ಈ ಕಾರ್ಯವು, ಹೆಸರು ಹುಟ್ಟುವ ಮೊದಲೇ ಹುಟ್ಟಿದ ನ್ಯಾನೋ ತಂತ್ರವಿಜ್ಞಾನವಲ್ಲದೆ ಬೇರೆಯಲ್ಲ. ಆದುದರಿಂದ ಆಕ್ಷೇಪವು ನಿಲ್ಲುವುದಿಲ್ಲ.

ಒಟ್ಟಿನಲ್ಲಿ, ಕೂದಲಿನ ಉಪಮಾನವೂ ಕಾಗದದ ಕತ್ತರಿಯೂ ಪಾಠದ ಹೆಬ್ಬಾಗಿಲಿನಲ್ಲಿರಲಿ. ಒಳಗೆ ತಟ್ಟೆಯೂ ನೀರೂ ಹನಿಯೂ ಇರಬೇಕು. ಬೆಲೆಯುಳ್ಳ ಯಂತ್ರಗಳಿಲ್ಲವೆಂದು ಈ ವಿದ್ಯೆಯನ್ನು ಚಿತ್ರಪಟಗಳಲ್ಲಿ ಮಾತ್ರ ತೋರಿಸುವ ಪಾಠಶಾಲೆಗಳಿಗೆ, ವಿಶ್ವವಿದ್ಯಾಲಯವನ್ನು ಮೆಟ್ಟದೆ ತಗಡಿನ ತೊಟ್ಟಿಯೊಂದರಿಂದ ಅಣುವಿನ ಹತ್ತಿರಕ್ಕೆ ಹೋದವರ ಪತ್ರವು ಉತ್ತರವಾಗಿದೆ. ಬ್ರೌನ್‌ಷ್ವೈಗಿನ ಉನ್ನತ ವಿದ್ಯಾಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟುದು ೧೯೩೨ರಲ್ಲಿ, ಅವರ ಎಪ್ಪತ್ತನೆಯ ವಯಸ್ಸಿನಲ್ಲಿ. ಭಾಷೆಯ ಉಪಾಧ್ಯಾಯರಿಗೂ ಇಲ್ಲಿ ಒಂದು ಕರ್ತವ್ಯವಿದೆ. ಪ್ರಯೋಗದ ದಾಖಲೆಯನ್ನು ಬರೆಯುವಾಗ, ಎಣ್ಣೆಯು ದಡಕ್ಕೆ ಮರಳಿ ಬಂದುದನ್ನು ಫ್ರಾಂಕ್ಲಿನ್ನನು ಬರೆದಂತೆ, ಕಂಡುದನ್ನು ಕಂಡಂತೆಯೂ ತಪ್ಪಿದುದನ್ನು ತಪ್ಪಿದಂತೆಯೂ ಬರೆಯುವ ಗದ್ಯವನ್ನು ವಿದ್ಯಾರ್ಥಿಗೆ ಕಲಿಸುವುದು ಅವರಿಗೆ ಸೇರಿದ ಕೆಲಸ. ಆ ಗದ್ಯವಿಲ್ಲದೆ ಅನುಮಾನವು ನಿಲ್ಲದು.