ಒಂದೇ ಸೂಜಿಯ ಮದ್ದು

ಕಿಮೋ ಮುಗಿಸಿ ದೇವದುರ್ಗಕ್ಕೋ ಮಾನ್ವಿಗೋ ಮರಳಿದವರಿಗೆ ಬಿಳಿ ರಕ್ತಕಣ ಕುಸಿಯುವ ದಿನಗಳದ್ದೇ ಭಯ. ಕಣ ಹೆಚ್ಚಿಸುವ ಫಿಲ್‌ಗ್ರಾಸ್ಟಿಮ್ ಎಂಬ ಪ್ರೋಟೀನು ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಮೂರೂವರೆ ತಾಸು ಸಾಕು. ಹಾಗಾಗಿ ದಿನಾ ಚುಚ್ಚಿಸಿಕೊಳ್ಳಬೇಕು. ದಿನಾ ರಾಯಚೂರಿನ ಬಸ್ಸು, ದಿನಾ ಕೂಲಿ ಖೋತಾ.

ಅದೇ ಪ್ರೋಟೀನಿನ ತುದಿಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರಿನ ಎಳೆ ಕಟ್ಟಿದರೆ ಪೆಗ್‌ಫಿಲ್‌ಗ್ರಾಸ್ಟಿಮ್. ಎಳೆ ನೀರನ್ನು ಹಿಡಿದು ಅಣುವನ್ನು ಉಬ್ಬಿಸುತ್ತದೆ. ಮೂತ್ರಪಿಂಡ ಅದನ್ನು ಸುಲಭವಾಗಿ ಸೋಸಲಾರದು. ಕಿಮೋದ ಒಂದು ಸುತ್ತಿಗೆ ಒಂದೇ ಸೂಜಿ. ಇದು ಗಡ್ಡೆಯನ್ನು ಕೊಲ್ಲುವ ಮದ್ದಲ್ಲ, ನಿಜ. ಇಂಥದೇ ಎಳೆ ಕಟ್ಟಿದ, ಲ್ಯುಕೇಮಿಯಾ ವಿರುದ್ಧವೇ ಹೋರಾಡುವ ಪೆಗ್‌ಆಸ್ಪಾರ್ಗೇಸ್ 1994ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆದಿತ್ತು. ಆದರೂ ನನ್ನ ಮೆಚ್ಚುಗೆ ಪೆಗ್‌ಫಿಲ್‌ಗ್ರಾಸ್ಟಿಮ್‌ಗೇ. ಏಕೆಂದರೆ ಇದನ್ನು ರಕ್ತದಿಂದ ತೆಗೆದುಹಾಕುವವು ಮುಖ್ಯವಾಗಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳೇ. ಕಣ ಕಡಿಮೆಯಿದ್ದಷ್ಟು ದಿನ ಮದ್ದು ಉಳಿಯುತ್ತದೆ, ಕಣ ಹೆಚ್ಚಿದಂತೆ ಹೊರಡುತ್ತದೆ. ಎಂಥ ಲೆಕ್ಕಾಚಾರ!

ಬೆಂಗಳೂರಿನ ಬಯೋಕಾನ್, ಮೈಲಾನ್ ಜೊತೆಗೂಡಿ ತಂದ ಇದರ ಸಮರೂಪಕ್ಕೆ 2018ರ ಜೂನ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಈ ಮದ್ದಿನ ಸಮರೂಪಗಳಲ್ಲಿ ಅಲ್ಲಿ ಒಪ್ಪಿಗೆ ಪಡೆದದ್ದು ಅದೇ ಮೊದಲು.

ನಾಜೂಕಂತೂ ಉಂಟು. 2ರಿಂದ 8 ಡಿಗ್ರಿಯಲ್ಲಿಡಬೇಕು, ಹೆಪ್ಪುಗಟ್ಟಬಾರದು, ಕುಲುಕಬಾರದು. ರಾಯಚೂರಿನ ಬಿಸಿಲೋ 40 ದಾಟುತ್ತದೆ. ಐಸ್ ಡಬ್ಬಿಯಲ್ಲಿ ತರುವವರು ಸಿರಿಂಜು ಐಸಿಗೆ ನೇರವಾಗಿ ತಾಗದಂತೆ ನಡುವೆ ಬಟ್ಟೆಯಿಡಬೇಕು.