ಬಣ್ಣಕ್ಕೆ ಐದು ನಿಮಿಷ, ಬ್ಯಾಟರಿಗೆ ಅರ್ಧ

ಎಲೆಕ್ಟ್ರಿಕ್ ಕಾರಿನ ವಿಡಿಯೋ ವಿಮರ್ಶೆಗಳನ್ನ ನೋಡ್ತಾ ಹೋಗಿ. ಕಾರಿಗೆ ಎರಡು ಪ್ರದಕ್ಷಿಣೆ, ಬಾನೆಟ್ ಮೇಲೆ ಸಂಜೆ ಬಿಸಿಲು, ‘ಕಲರ್ ಸೂಪರ್ ಗುರೂ!’ 2020ರ ನೆಕ್ಸಾನ್ ಇವಿಯ ಟೀಲ್ ನೀಲಿ ಚೆನ್ನಾಗೇ ಇತ್ತು, ತಕರಾರಿಲ್ಲ. ಆದರೆ ಬಣ್ಣದ ಬಗ್ಗೆ ಹೇಳಲೇಬೇಕಾದ ಮಾತನ್ನೇ ಇವರು ಹೇಳಲ್ಲ: ಬಿಸಿಲಲ್ಲಿ ನಿಂತ ಕಪ್ಪು ಕಾರು ಬಿಳಿ ಕಾರಿಗಿಂತ ಹೆಚ್ಚು ಕಾಯುತ್ತೆ, ಅದನ್ನ ತಣಿಸೋ ಏಸಿ ಓಡೋದೂ ಅದೇ ಬ್ಯಾಟರಿಯಿಂದ. ರಾಯಚೂರಿನವರಿಗೆ ಇದು ಬೇಕಾದ ವಿಷಯ.

ಚಾರ್ಜಿಂಗ್‌ಗೆ ಬಂದರೆ ಒಂದೇ ಮಂತ್ರ: 20ರಿಂದ 80. ಯಾವ ಬ್ಯಾಟರಿಗೆ ಸ್ವಾಮಿ? ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರೋ ಎನ್‌ಎಂಸಿಗಾದರೆ ದಿನಾ 80ಕ್ಕೆ ನಿಲ್ಲಿಸೋದು ಒಳ್ಳೇದೇ. ಪೂರ್ತಿ ತುಂಬಿಸಿ ಬಿಸಿಲಲ್ಲಿ ಬಿಟ್ಟರೆ ಬೇಗ ಸವೆಯುತ್ತೆ. ಎಲ್‌ಎಫ್‌ಪಿ, ಅಂದರೆ ಕಬ್ಬಿಣ-ಫಾಸ್ಫೇಟ್ ಬ್ಯಾಟರಿಯ ಕತೆ ಬೇರೆ. ಅದರ ವೋಲ್ಟೇಜು ಬಹುಪಾಲು ಹೊತ್ತು ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿರುತ್ತೆ, ಎಷ್ಟು ಉಳಿದಿದೆ ಅಂತ ಸಾಫ್ಟ್‌ವೇರಿಗೆ ಅಂದಾಜು ಸಿಗೋದೇ ಕಷ್ಟ. ಅದಕ್ಕೇ ಟೆಸ್ಲಾ ಇಂಥ ಕಾರುಗಳನ್ನ ವಾರಕ್ಕೊಮ್ಮೆಯಾದರೂ 100ಕ್ಕೆ ತುಂಬಿಸಿ ಅನ್ನುತ್ತೆ. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ 80ಕ್ಕೇ ನಿಲ್ಲಿಸಿದವರು ಪರದೆಯ ಲೆಕ್ಕ ನಂಬಿ ಶಿರಾಡಿ ಘಾಟಿ ಹತ್ತಿದರೆ ಯಾರು ಹೊಣೆ?

ನಮ್ಮೂರ ಕಡೆಯವರ ಪ್ರಶ್ನೆ ಇನ್ನೂ ಸರಳ. ಮನೆಯ 15 ಆಂಪ್ ಸಾಕೆಟ್ಟು ಗಂಟೆಗೆ ಸುಮಾರು 3 ಯೂನಿಟ್ ಕೊಟ್ಟರೆ 30 ಯೂನಿಟ್ಟಿನ ಬ್ಯಾಟರಿ ತುಂಬೋಕೆ ಹತ್ತು ಗಂಟೆ. ರಾತ್ರಿ ಮೂರು ಸಲ ಕರೆಂಟ್ ಹೋದರೆ? ಹಳೇ ವೈರಿಂಗ್ ಅಷ್ಟು ಹೊತ್ತು ತಡೆಯುತ್ತಾ, ಅರ್ಥಿಂಗ್ ಸರಿ ಇದೆಯಾ? ಇದನ್ನ ಹೇಳೋ ವಿಮರ್ಶಕ ಡ್ರೋನ್ ಹಾರಿಸದಿದ್ದರೂ ನಾನು ಪೂರ್ತಿ ನೋಡ್ತೀನಿ.