ದಡ್ಡರು ಯಾರು?

ಕೇರಿಯ ಹುಡುಗ ಮಗ್ಗಿ ಮರೆತರೆ ‘ದಡ್ಡ’ ಅಂತಾರೆ. ಈ ಒಂದು ಮಾತನ್ನು ನಮ್ಮ ವಿಮರ್ಶಕರು ವಿಮರ್ಶೆಗೆ ಎತ್ತಿಕೊಂಡದ್ದು ಕಡಿಮೆ. ಅದನ್ನು ಕೇಳುತ್ತಲೇ ಪದವಿ ಮುಟ್ಟಿದ ನಾವು ಎತ್ತಿಕೊಳ್ಳಲೇಬೇಕು. ಹೊಟ್ಟ್ಯಾಗ ಕೂಳಿಲ್ಲದಾಗ ಹಲಗೆಯ ಮೇಲಿನ ಅಕ್ಷರ ಕಣ್ಣಮುಂದೆ ಕುಣಿಯುತ್ತವೆ. ಒಲೆಯ ಬಡತನಕ್ಕೆ ತಲೆಯ ಬಡತನ ಅಂತ ಹೆಸರಿಟ್ಟವರು ಯಾರು?

2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಶಾಲೆಯಲ್ಲಿ ಬೇಯಿಸಿದ ಊಟ ಕೊಡಿರೆಂದು ಸರ್ಕಾರಗಳಿಗೆ ಆದೇಶಿಸಿತು: ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು. ಅನ್ನ ಹಕ್ಕಾಯಿತು. 2004ರ ಏಪ್ರಿಲ್ 20ರ ಆದೇಶ ಇನ್ನೂ ಮುಂದೆ ಹೋಯಿತು. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಆದಿವಾಸಿಗಳಿಗೆ ಆದ್ಯತೆ ಎಂದಿತು.

ಇಲ್ಲೇ ನಮ್ಮ ತಕರಾರು. ರಾಯಾಪುರದಲ್ಲಿ ಅಕ್ಷಯ ಪಾತ್ರ ಸಂಸ್ಥೆಯ ದೊಡ್ಡ ಅಡುಗೆಮನೆ ಇದೆ. ಅಲ್ಲಿಂದ ಹುಬ್ಬಳ್ಳಿ-ಧಾರವಾಡದ ಶಾಲೆಗಳಿಗೆ ಗಾಡಿಗಳಲ್ಲಿ ಬಿಸಿಯೂಟ ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಉಂಡ ಮಗು ಮಧ್ಯಾಹ್ನದ ಪಾಠಕ್ಕೂ ಕೂಡುತ್ತದೆ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಸಂಸ್ಥೆಯ ಉಳ್ಳಾಗಡ್ಡಿ-ಬಳ್ಳೊಳ್ಳಿ ಇಲ್ಲದ ಅಡುಗೆಯ ಬಗ್ಗೆ 2019ರಲ್ಲಿ ರಾಜ್ಯದಾಗ ದೊಡ್ಡ ವಾದವೇ ನಡೀತು. ಅಂಥ ಅಡುಗೆಗೆ ‘ಸಾತ್ವಿಕ’ ಅಂತಾರೆ. ಹಂಗಾದರ ನಮ್ಮವ್ವನ ಸಾರಿಗೆ ಏನಂತೀರಿ?

ಯಂತ್ರ ಸಾವಿರಾರು ಹೊಟ್ಟೆ ತುಂಬಿಸಬಲ್ಲದು. ಆದರೆ ಶಾಲೆಯ ಒಲೆ ಆರಿದಲ್ಲಿ ಒಂದು ಪಾಠವೂ ಆರುತ್ತದೆ. ದಲಿತ ಹೆಣ್ಣುಮಗಳು ಬೇಯಿಸಿದ ಅನ್ನವನ್ನು ಊರ ಮಕ್ಕಳೆಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಪಾಠ ಅದು. ಆ ಪಾಠದಲ್ಲಿ ಫೇಲಾದ ಊರನ್ನು ಯಾರೂ ದಡ್ಡ ಅನ್ನಲಿಲ್ಲ.

ಮಾಸ್ತರರೇ, ನಾಳೆ ಹುಡುಗನ ಅಂಕ ನೋಡುವ ಮೊದಲು ಕೇಳಿರಿ: ‘ಉಂಡಿಯೇನೋ? ಯಾರ ಜೊತಿ ಕೂತು ಉಂಡಿ?’